ಸಾಲಿನ ಕಡೆಯಾಕಿ

ಆಡೂರಿನ ಹುಚ್ಚವ್ವನಿಗೆ ಮನುಷ್ಯರನ್ನು ಅಳೆಯಲು ಪುಸ್ತಕ ಬೇಕಿರಲಿಲ್ಲ. ಭತ್ತದ ಗದ್ದೆಗೆ ಇಳಿಸಿ ಅರ್ಧ ತಾಸು ನೋಡಿದರೆ ಸಾಕಿತ್ತು. ನಾಟಿ ಹಚ್ಚುವ ಹನ್ನೊಂದು ಹೆಂಗಸರ ಗ್ಯಾಂಗನ್ನು ಇಪ್ಪತ್ತು ವರ್ಷದಿಂದ ನಡೆಸಿದವಳು ಅವಳು. ಅವಳ ಪ್ರಕಾರ ಹೆಣ್ಣುಮಕ್ಕಳು ಒಟ್ಟು ನಾಲ್ಕೇ ಥರ. ಹಗ್ಗದ ಗುಂಟ ನೆಟ್ಟಗೆ ಸಸಿ ಊರುವವಳು ಗೆರೆಯಾಕಿ, ಅವಳು ಸಾಲಿನ ಮೊದಲಿಗೆ. ಗಡಬಡಿಸಿ ಹಚ್ಚಿ ನಡುವೆ ಸಂದು ಬಿಡುವವಳು ಗಾಳಿಯಾಕಿ, ಅವಳು ಗೆರೆಯಾಕಿಯ ಪಕ್ಕಕ್ಕೆ. ಬಾಯಿ ನಿಲ್ಲದವಳು ಮಾತಿನಾಕಿ, ಯಾರಿಗೂ ಬೇಸರವಾಗದಂತೆ ನಡುವಿಗೆ. ಹೇಳಿದಷ್ಟು ಮಾಡಿ ಇನ್ನೊಬ್ಬರ ನೆರಳಿನಲ್ಲಿ ಸುಮ್ಮನಿರುವವಳು ನೆಳ್ಳಿನಾಕಿ, ಅವಳು ಕಡೆಗೆ. ಮಲ್ಲಿಕಾ ಆರು ವರ್ಷದಿಂದ ಕಡೆಗೇ ಇದ್ದಳು.

ಈ ಮಳೆಗಾಲ ಹುಚ್ಚವ್ವನ ಕಾಲೇ ಅವಳಿಗೆ ಕೈಕೊಟ್ಟಿತು. ಕೆಸರಿನಿಂದ ಮೊಳಕಾಲು ಎತ್ತುವಾಗ ಜೀವ ಹೋದಂತಾಗುತ್ತಿತ್ತು. ಇನ್ನು ಗ್ಯಾಂಗನ್ನು ಯಾರಿಗಾದರೂ ಒಪ್ಪಿಸಬೇಕು. ಕೈಲಾಗದವಳಿಗೆ ಕೊಟ್ಟರೆ ಹನ್ನೊಂದು ಮಂದಿ ಹನ್ನೊಂದು ದಿಕ್ಕಿಗೆ ಹೋಗುತ್ತಾರೆ, ಇಪ್ಪತ್ತು ವರ್ಷ ಕಟ್ಟಿದ್ದು ಒಂದೇ ಹಂಗಾಮಿಗೆ ನೀರುಪಾಲಾಗುತ್ತದೆ. ಈ ಚಿಂತೆಯಲ್ಲಿ ಅವಳಿಗೆ ನಿದ್ದೆಯೂ ಸರಿಯಾಗಿರಲಿಲ್ಲ. ಬಾಯಿ ಜೋರಿದ್ದವಳೇ ಸೈ ಎಂದು ಮಾತಿನಾಕಿ ಫಕ್ಕೀರವ್ವನ ಮೇಲೆ ಮನಸ್ಸು ಇಟ್ಟಿದ್ದಳು.

ಅಷ್ಟರಲ್ಲಿ ತಂಗಿಯ ಮಗಳು ಮಂಜುಳಾ ಧಾರವಾಡದಿಂದ ಬಂದಳು. ಮನಶ್ಶಾಸ್ತ್ರದಲ್ಲಿ ಎಂ.ಎ. ಓದುವ ಹುಡುಗಿ. ಕೈಚೀಲದ ತುಂಬ ಹಾಳೆ, ಒಂದೊಂದು ಹಾಳೆಯಲ್ಲಿ ನಲವತ್ತು ಪ್ರಶ್ನೆ. ಉತ್ತರ ಕೂಡಿಸಿ ನೋಡಿದರೆ ಮನುಷ್ಯ ಹದಿನಾರು ಥರದಲ್ಲಿ ಯಾವ ಥರ ಎಂದು ತಿಳಿಯುತ್ತದಂತೆ.

"ಹದಿನಾರಾ?" ಹುಚ್ಚವ್ವ ಕಣ್ಣರಳಿಸಿದಳು. "ನನ್ನವು ನಾಕ ಅದಾವು."

"ಹಿಂದಿನ ಕಾಲದಾಗೂ ನಾಕ ಇದ್ದವು ದೊಡ್ಡವ್ವ. ಮೈಯಾಗ ರಕ್ತ ಜಾಸ್ತಿ ಇದ್ದರ ನಗೋ ಮನಶ್ಯಾ, ಪಿತ್ತ ಜಾಸ್ತಿ ಇದ್ದರ ಸಿಟ್ಟಿನಾಂವ, ಹಿಂಗ."

"ಮತ್ತ ನಾಕ ಸಾಲದ ಹದಿನಾರು ಯಾಕ ಮಾಡಿದ್ರು?"

ಮಂಜುಳಾ ನಕ್ಕಳು. "ಅಷ್ಟು ಮಂದಿ ಹಿಡಿಸಲಿಲ್ಲ ಆ ನಾಕರಾಗ. ಅದಿರ್ಲಿ, ನಿನ್ನ ನಾಕರಾಗ ನೀ ಯಾವಾಕಿ?"

"ನಾ ಯಾಕ ಬರ್ತೇನಿ ಅದರಾಗ? ನಾ ನೋಡಾಕಿ," ಎಂದಳು ಹುಚ್ಚವ್ವ, ಇದೂ ಒಂದು ಪ್ರಶ್ನೆಯೇ ಎನ್ನುವಂತೆ.

ಮರುದಿನ ಬುತ್ತಿ ಬಿಚ್ಚುವ ಹೊತ್ತಿಗೆ ಮಂಜುಳಾ ಗದ್ದೆಯ ಬದುವಿನ ಮೇಲೆ ಹಾಳೆ ಹಿಡಿದು ಕುಳಿತಳು. ಆದರೆ ನಮ್ಮ ಕಡೆ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದು ಮರ್ಯಾದೆಯಲ್ಲ. ಒಬ್ಬಳನ್ನು ಕೇಳಿದರೆ ಪಕ್ಕದವಳು ಹೇಳುತ್ತಾಳೆ, ಪಕ್ಕದವಳಿಗಿಂತ ಮೊದಲು ಹುಚ್ಚವ್ವ ಹೇಳುತ್ತಾಳೆ. "ಹೊಸಬರನ್ನು ಕಂಡರೆ ನೀವೇ ಮೊದಲು ಮಾತಾಡಿಸುತ್ತೀರಾ?" ಎಂದು ಮಲ್ಲಿಕಾಳನ್ನು ಕೇಳಿದರೆ ಹುಚ್ಚವ್ವ ರೊಟ್ಟಿ ಮುರಿಯುತ್ತಲೇ, "ಅಕಿ ಎಲ್ಲಿ ಮಾತಾಡ್ತಾಳ, ಇಲ್ಲ ಅಂತ ಬರಕೊ," ಎಂದಳು. ಮಲ್ಲಿಕಾ ತಲೆ ತಗ್ಗಿಸಿ ಉಪ್ಪಿನಕಾಯಿ ನೆಕ್ಕುತ್ತಿದ್ದಳು. ನಲವತ್ತೂ ಉತ್ತರ ಹೀಗೇ ತುಂಬಿದವು. ಹುಚ್ಚವ್ವ ತನ್ನ ಹಾಳೆಯನ್ನೂ ಸರಸರ ಮುಗಿಸಿದಳು. ಇಪ್ಪತ್ತೆರಡನೇ ಪ್ರಶ್ನೆ, "ನಿಮ್ಮ ಎದುರು ಬೇರೆಯವರು ಮನಸ್ಸು ಬಿಚ್ಚಿ ಮಾತಾಡುತ್ತಾರೆಯೇ?" ಎಂದಿತ್ತು. "ಹೌದು," ಎಂದಳು ಹಿಂದೆಮುಂದೆ ನೋಡದೆ.

ಮಂಜುಳಾಗೆ ಸಮಾಧಾನವಾಗಲಿಲ್ಲ. ಸಂಜೆ ಮಲ್ಲಿಕಾಳ ಮನೆಗೆ ಒಬ್ಬಳೇ ಹೋಗಿ ಎರಡನೇ ಹಾಳೆ ತುಂಬಿಸಿಕೊಂಡು ಬಂದಳು.

"ದೊಡ್ಡವ್ವ, ಅಕಿ ನೆಳ್ಳಿನಾಕಿ ಅಲ್ಲ. ಮಂದಿ ಕೂಡಿದಲ್ಲಿ ಅಕಿಗೆ ಹುರುಪು. ತಟ್ಟನೆ ತೀರ್ಮಾನ ಮಾಡ್ತಾಳ. ನಾಕ ಮಂದೀನ್ನ ನಡಿಸೋ ಥರದಾಕಿ ಅಂತ ಬಂದೈತಿ."

"ನಿನ್ನ ಹಾಳಿ ತಪ್ಪೈತಿ."

"ಇರಬಹುದು, ಹಾಳಿ ಸೈತ ತಪ್ಪತಾವು. ಆದ್ರ ಒಬ್ಬಾಕೇ ಎರಡ ಹಾಳ್ಯಾಗ ಇಬ್ಬರು ಹೆಂಗ ಆದ್ಳು?"

ಉತ್ತರವಿಲ್ಲದ ಪ್ರಶ್ನೆ ಹುಚ್ಚವ್ವನಿಗೆ ಹಲ್ಲಿನ ಸಂದಿಯ ಸೊಪ್ಪಿನ ನಾರಿದ್ದಂತೆ, ತೆಗೆಯುವ ತನಕ ನಾಲಿಗೆ ಸುಮ್ಮನಿರದು.

ಮರುದಿನ ಮಹಾಲಿಂಗಪ್ಪ ಸಾವಕಾರರ ಗದ್ದೆಯಲ್ಲಿ ಕೆಲಸ. ಮೊಳಕಾಲು ತೋರಿಸಲು ಹಾನಗಲ್ಲಿಗೆ ಹೋಗುತ್ತೇನೆ ಎಂದು ಹೇಳಿ ಹುಚ್ಚವ್ವ ಬಸ್ಸು ಹತ್ತಿದಳು, ಊರ ಹೊರಗೆ ತಿರುವಿನಲ್ಲಿ ಇಳಿದಳು. ಕುಂಟುತ್ತ ಹೋಗಿ ಸಾವಕಾರರ ಕಬ್ಬಿನ ಮರೆಗೆ ಕುಳಿತಳು. ಅರವತ್ತರ ವಯಸ್ಸಿಗೆ ಕಳ್ಳರ ಹಾಗೆ ಕೂರುವುದೆಂದರೇನು ಎಂದು ತನಗೇ ನಾಚಿಕೆಯಾಯಿತು, ಆದರೂ ಏಳಲಿಲ್ಲ.

ಸಾಲು ಹಿಂದೆ ಹಿಂದೆ ಹೆಜ್ಜೆ ಇಡುತ್ತ ಅವಳ ಕಡೆಗೇ ಬರುತ್ತಿತ್ತು. ಮೊದಲು ಕಂಡಿದ್ದು ಫಕ್ಕೀರವ್ವ. ಆ ಬಾಯಿಬಡುಕಿ ತುಟಿ ಬಿಚ್ಚದೆ ಹಗ್ಗ ಹಿಡಿದಂತೆ ಸಸಿ ಊರುತ್ತಿದ್ದಳು. ಗಾಳಿಯಾಕಿ ಎಂದು ಹೆಸರಾದ ಶೀಲಾ ನಿಧಾನವಾಗಿದ್ದಳು, ಒಂದೂ ಸಂದಿಲ್ಲ. ಹುಚ್ಚವ್ವ ಕಣ್ಣುಜ್ಜಿಕೊಂಡಳು.

ಆಗ ಸಾವಕಾರರು ಬದುವಿನ ಮೇಲೆ ಬಂದು, ಮೂಲೆಯ ತಗ್ಗಿನ ಗದ್ದೆಯನ್ನೂ ಇವತ್ತೇ ಮುಗಿಸಿರಿ ಎಂದರು. ಹನ್ನೊಂದು ಬೆನ್ನು ನೆಟ್ಟಗಾದವು. ಮಾತಾಡಿದ್ದು ಮಲ್ಲಿಕಾ.

"ಅಲ್ಲಿ ಮೊಳಕಾಲುದ್ದ ನೀರೈತ್ರಿ ಸಾವಕಾರ್ರ. ಹಚ್ಚಿದ್ರ ಸಸಿ ತೇಲತಾವು, ನಾಳೆ ನಮಗ ಬೈತೀರಿ. ಇವತ್ತು ಬದು ಕಡದು ನೀರು ಬಿಡ್ರಿ, ನಾಳೆ ಮುಂಜಾನೆ ಮೊದಲ ಅದನ್ನ ಹಚ್ಚತೇವ್ರಿ."

ಸಾವಕಾರರು ಆಗಲಿ ಎಂದು ಸಲಿಕೆ ತರಲು ಹೋದರು. ಹುಚ್ಚವ್ವ ಆಗಿದ್ದರೆ ಇದೇ ಮಾತನ್ನು ಜಗಳ ತೆಗೆದು ಹೇಳುತ್ತಿದ್ದಳು.

ಅವರು ಮರೆಯಾದದ್ದೇ ತಡ, ಮಲ್ಲಿಕಾ ಸೊಂಟದ ಮೇಲೆ ಕೈ ಇಟ್ಟು, ಕುಂಟುತ್ತ ನಾಲ್ಕು ಹೆಜ್ಜೆ ಹಾಕಿ, ಗಂಟಲು ಗೊಗ್ಗರು ಮಾಡಿ, "ಏ ಮಲ್ಲೀ, ನೆಳ್ಳಿನಾಕಿ, ಕಡೀಗೆ ನಡಿ," ಎಂದಳು. ಗದ್ದೆಗೆ ಗದ್ದೆಯೇ ನಕ್ಕಿತು. ಫಕ್ಕೀರವ್ವ ನಕ್ಕು ನಕ್ಕು ಕೆಸರಿನಲ್ಲಿ ಕುಳಿತಳು.

ಕಬ್ಬಿನ ಮರೆಯಲ್ಲಿ ಹುಚ್ಚವ್ವನ ಕಣ್ಣು ತುಂಬಿದವು. ಸಿಟ್ಟಲ್ಲ, ನೋವು. ಆಮೇಲೆ, ಏನು ಹೇಳುವುದು, ನಗುವೂ ಬಂತು. ಆ ಕುಂಟು, ಆ ದನಿ ಖರೆಖರೆ ತನ್ನದೇ. ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ಅವಳಿಗೆ ಅವತ್ತು ಕಂಡಿತು. ಬೈಸಿಕೊಳ್ಳುವ ಹೆದರಿಕೆಗೆ ಶೀಲಾ ಗಡಬಡಿಸುತ್ತಿದ್ದಳು. ಬೈಗುಳ ಮರೆಸಲು ಫಕ್ಕೀರವ್ವ ಮಾತಾಡುತ್ತಿದ್ದಳು. ಮಲ್ಲಿಕಾ ಇದ್ದದ್ದು ಯಾರ ನೆರಳಿನಲ್ಲಿ ಎಂದು ಇನ್ನು ಯಾರೂ ಹೇಳಬೇಕಿರಲಿಲ್ಲ. ಇಪ್ಪತ್ತು ವರ್ಷ ಅವಳು ನೋಡಿದ್ದು, ತಾನು ಎದುರಿಗೆ ನಿಂತಾಗ ಮಂದಿ ಹೇಗಿರುತ್ತಾರೆ ಎನ್ನುವುದನ್ನು ಮಾತ್ರ.

ಸಂಜೆ ಮನೆಗೆ ಬಂದು, "ಮಂಜೀ, ನನ್ನ ಹಾಳಿ ತಗಿ," ಎಂದಳು. "ಮನಸ್ಸು ಬಿಚ್ಚಿ ಮಾತಾಡ್ತಾರೇನು ಅಂತ ಒಂದಿತ್ತಲ್ಲ, ಅದನ್ನ ಅಳಸಿ ಇಲ್ಲ ಅಂತ ಬರಿ."

"ಯಾಕ ದೊಡ್ಡವ್ವ?"

"ನಾ ಇಲ್ಲದಾಗ ಹೋಗಿ ನೋಡಿ ಬಂದೇನಿ."

ಮುಂಜಾನೆ ಸಾವಕಾರರ ಗದ್ದೆಯಲ್ಲಿ ನೀರು ಇಳಿದಿತ್ತು. ಹುಚ್ಚವ್ವ ಎಲ್ಲರೆದುರು ನಾಟಿಯ ಹಗ್ಗ ತಂದು ಮಲ್ಲಿಕಾಳ ಕೈಯಲ್ಲಿಟ್ಟಳು. "ಇನ್ನ ಗ್ಯಾಂಗ್ ನಿಂದು. ಯಾರು ಎಲ್ಲಿ ನಿಂದರಬೇಕು, ನೀನ ಹೇಳು."

ಮಲ್ಲಿಕಾ ಹಗ್ಗ ನೋಡಿದಳು, ಹುಚ್ಚವ್ವನ ಮುಖ ನೋಡಿದಳು, ತಲೆ ತಗ್ಗಿಸಿದಳು. ಫಕ್ಕೀರವ್ವ ಆಗಲೇ ಏನೋ ಹರಟೆ ಶುರುಮಾಡಿದ್ದಳು. ಎಲ್ಲರೂ ತಂತಮ್ಮ ಹಳೆಯ ಜಾಗಕ್ಕೇ ಹೋಗಿ ನಿಂತರು, ಮಲ್ಲಿಕಾ ಹಗ್ಗ ಹಿಡಿದುಕೊಂಡೇ ಕಡೆಗೆ.

ಹುಚ್ಚವ್ವನ ನಾಲಿಗೆಯ ತುದಿಗೆ ಬೈಗುಳ ಬಂದಿತ್ತು. ನುಂಗಿಕೊಂಡಳು. ಮೊಳಕಾಲು ಎಳೆಯುತ್ತ ಬದು ಹತ್ತಿ, ಆಚೆ ತುದಿಗೆ ಹೋಗಿ, ಗದ್ದೆಗೆ ಬೆನ್ನು ಮಾಡಿ ಕಬ್ಬಿನ ಕಡೆ ಮುಖ ಹಾಕಿ ಕುಳಿತಳು. ತಿರುಗಿ ನೋಡಬೇಕು ಎಂದು ಕುತ್ತಿಗೆ ತುಡಿಯುತ್ತಿತ್ತು. ನೋಡುವುದೊಂದನ್ನೇ ಬದುಕೆಲ್ಲ ಮಾಡಿದವಳು ಎರಡೂ ಕೈಯಿಂದ ಬದುವಿನ ಹುಲ್ಲು ಬಿಗಿಯಾಗಿ ಹಿಡಿದುಕೊಂಡಳು.

ಬಹಳ ಹೊತ್ತಿನ ಮೇಲೆ ಹಿಂದಿನಿಂದ ಮಲ್ಲಿಕಾಳ ದನಿ ಕೇಳಿತು.

"ಫಕ್ಕೀರಕ್ಕ, ಮೊದಲಿಗೆ ನೀ ನಡಿ."