ಮೇಷ್ಟ್ರ ಕೈಸನ್ನೆಯ ಪುಟ

ಹಳೆಯ ವೆಬ್ ಪುಟಗಳನ್ನು ಹುಡುಕಿ ಕಾಪಿಡುವ ಕೆಲಸಕ್ಕೆ ಸೇರಿದಾಗ ಅವಳಿಗೆ ಭಾರಿ ಉಮೇದಿತ್ತು. ಈಗ ಗ್ರಂಥಾಲಯದ ನೆಲಮಾಳಿಗೆಗೆ ಇಳಿಯುವಾಗಲೇ ಆಕಳಿಕೆ ಬರುತ್ತದೆ. ಪುಟಗಳು ಸಾಯುವ ವೇಗಕ್ಕೆ ಉಳಿಸುವವರು ಸಾಲರು, ಮೇಲಿನವರಿಗಂತೂ ಈ ವಿಭಾಗ ಬೇಡದ ಕೂಸು. ಗಂಡ ಅವಳನ್ನು ಗುಜರಿ ರಾಣಿ ಎಂದೇ ಕರೆಯುತ್ತಾನೆ. ಮೊದಮೊದಲು ನಗು ಬರುತ್ತಿತ್ತು.

ಒಂದು ಮಧ್ಯಾಹ್ನ ಮೇಷ್ಟ್ರು ಬಂದರು. ಕಿವುಡು ಮಕ್ಕಳ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಆ ಮಕ್ಕಳು ತಮ್ಮತಮ್ಮಲ್ಲೇ ಕಟ್ಟಿಕೊಂಡಿದ್ದ ಕೈಸನ್ನೆಗಳನ್ನು ಇವರು ಚಿತ್ರ ಬರೆದು ಒಂದು ವೆಬ್ ಪುಟಕ್ಕೆ ಏರಿಸಿದ್ದರು. ಶಾಲೆ ಮುಚ್ಚಿತು, ಮಕ್ಕಳು ದಿಕ್ಕಾಪಾಲಾದರು, ಕಾಗದದ ಚಿತ್ರಗಳು ಗೆದ್ದಲಿಗೆ ಹೋದವು. ಕೆಲವು ವರ್ಷಗಳ ಹಿಂದೆ ಅವಳು ಆ ಪುಟದ ನಕಲು ತೆಗೆದು, ತೆರೆದು ನೋಡಿ, ಎಲ್ಲ ಸರಿಯಾಗಿದೆ, ಇನ್ನು ನಿಶ್ಚಿಂತೆಯಾಗಿರಿ ಎಂದಿದ್ದಳು. ಆ ಮಾತು ನಂಬಿ ಅವರು ಮೂಲ ಪುಟವನ್ನೇ ಮುಚ್ಚಿಸಿಬಿಟ್ಟರು. ಈಗ ಹೊಸ ಶಾಲೆಯೊಂದು ಆ ಸನ್ನೆಗಳನ್ನು ಕೇಳುತ್ತಿದೆಯಂತೆ.

ಅವಳು ನಕಲು ತೆರೆದಳು. ಅಪ್ಪ, ಹಸಿವು, ಜಗಳ ಎಂಬ ಪದಗಳೆಲ್ಲ ಇದ್ದವು. ಪ್ರತಿ ಪದದ ಮೇಲೂ ಖಾಲಿ ಚೌಕ.

ಎಲ್ಲಿ ಎಡವಿದೆನೆಂದು ಅವಳಿಗೆ ಕೂಡಲೇ ಹೊಳೆಯಿತು. ಅಂದು ನಕಲನ್ನು ಪರೀಕ್ಷಿಸುವಾಗ ಮೂಲ ಪುಟ ಇನ್ನೂ ಬದುಕಿತ್ತು. ನಕಲಿಗೆ ಬಂದಿದ್ದು ಪದಗಳಷ್ಟೇ, ಚಿತ್ರಗಳು ಸದ್ದಿಲ್ಲದೆ ಮೂಲದಿಂದಲೇ ಬಂದು ತೆರೆಯ ಮೇಲೆ ಕೂತಿದ್ದವು. ಮೂಲದ ಸಂಪರ್ಕ ತಪ್ಪಿಸಿ ನೋಡಬೇಕೆನ್ನುವುದು ಈ ಕೆಲಸದ ಅ ಆ ಇ ಈ. ಅಂದು ಸುಸ್ತಾಗಿತ್ತು, ಬಿಟ್ಟಿದ್ದಳು.

ಸುತ್ತಿ ಬಳಸದೆ ಇದ್ದದ್ದು ಇದ್ದಂತೆ ಹೇಳಿದಳು. ಮೇಷ್ಟ್ರು ರೇಗಲಿಲ್ಲ. ರೇಗಿದ್ದರೆ ವಾಸಿಯಿತ್ತು.

"ಹೋಗ್ಲಿ ಬಿಡಮ್ಮ. ಪದಗಳಾದ್ರೂ ಇವೆಯಲ್ಲ, ಒಂದೊಂದೇ ಓದು. ನಾನು ಮಾಡಿ ತೋರಿಸ್ತೀನಿ, ಫೋಟೋ ತೆಗಿ" ಎಂದರು.

ಅವಳು ಓದತೊಡಗಿದಳು. ಅಪ್ಪ ಎಂದಾಗ ಮೇಷ್ಟ್ರ ಹೆಬ್ಬೆರಳು ಗಲ್ಲ ಸವರಿತು. ಹಸಿವಿಗೆ, ಜಗಳಕ್ಕೆ, ಬಿಸಿಲಿಗೆ ಕೈಗಳು ಚುರುಕಾಗಿ ಆಡಿದವು. ಅವಳಿಗೆ ಹೋದ ಜೀವ ಬಂದಂತಾಯಿತು.

ಗೆಳತಿ ಎಂದು ಓದಿದಳು. ಮೇಷ್ಟ್ರ ಕೈ ಮೇಲೆದ್ದು ಅಲ್ಲೇ ನಿಂತಿತು. ಇಳಿಸಿ ಮತ್ತೆ ಎತ್ತಿದರು. ಆಮೇಲೆ ನೆನಪಾಗುತ್ತದೆ, ಮುಂದಿನದು ಓದು ಎಂದರು. ಮುಂದಿನದಕ್ಕೂ ಕೈ ಏಳಲಿಲ್ಲ, ಅದರಾಚೆಯದಕ್ಕೂ ಏಳಲಿಲ್ಲ. ಅವಳು ಫೋನನ್ನು ಮೇಜಿನ ಮೇಲಿಟ್ಟಳು.

ಮೇಷ್ಟ್ರು ತಮ್ಮ ಅಂಗೈಗಳನ್ನೇ ನೋಡುತ್ತ ಕೂತರು.

"ನಿನ್ನ ಹತ್ರ ಇದೆಯಲ್ಲ ಅಂತ ಧೈರ್ಯವಾಗಿ ಮರೆತುಬಿಟ್ಟೆ ಕಣಮ್ಮ" ಎಂದರು.