ಮೂರು ಬೆರಳಿನ ಹಾಡು

ಎಡಗೆನ್ನೆಗೆ ವೇದಿಕೆಯ ದೀಪದ ಶಾಖ ಹೊಡೆಯುತ್ತಿದೆ, ಸ್ವಲ್ಪ ಆಚೆ ತಿರುಗಿಸಬಾರದಿತ್ತೇ ಇದನ್ನು, ಪಿಟೀಲಿನ ತಂತಿ ಬಿಸಿಗೆ ಶ್ರುತಿ ಇಳಿಯುತ್ತದೆ, ಇಳಿದರೆ ಇಳಿಯಲಿ ಎಂದುಕೊಳ್ಳುತ್ತಲೇ ಅವಳು ಕಮಾನು ಎಳೆದಳು, ಎರಡನೆಯ ಚರಣ ಮುಗಿಯಿತು, ಬರೆದುಕೊಂಡದ್ದು ಇಷ್ಟೇ, ಇಲ್ಲಿಂದಾಚೆ ಕೈ ಹೋದದ್ದೇ ದಾರಿ — ಸಭಾಂಗಣದ ಮುಂದಿನ ಸಾಲಿನಲ್ಲಿ ಅಣ್ಣ ಕೂತಿದ್ದಾನೆ, ಅವಳಿಗೆ ಪಿಟೀಲು ಹಿಡಿಯಲು ಕಲಿಸಿದ ಅಣ್ಣ, ಬಸ್ಸಿನ ಬಾಗಿಲಿಗೆ ಸಿಕ್ಕಿ ಅವಳ ಎಡಗೈಯ ಉಂಗುರದ ಬೆರಳು ಮಡಚಿಕೊಂಡೇ ಉಳಿದಾಗ ಆಸ್ಪತ್ರೆಯ ಮಂಚದ ಪಕ್ಕ ಕೂತು ಕಿತ್ತಳೆ ಸುಲಿಯುತ್ತಾ, ಸಾಕು ಬಿಡೇ, ಮಕ್ಕಳಿಗೆ ಪಾಠ ಹೇಳ್ಕೊಂಡು ಹಾಯಾಗಿರು, ಮರ್ಯಾದೆಯಿಂದ ನಿಲ್ಸೋದೂ ಒಂದು ಕಲೆನೇ ಅಂದಿದ್ದ, ಪ್ರೀತಿಯಿಂದಲೇ ಅಂದಿದ್ದ, ಅದೇ ಅವಳಿಗೆ ಮುಳ್ಳಿನಂತೆ ನಾಟಿದ್ದು. ನಿಲ್ಲಿಸಲಿಲ್ಲವಲ್ಲ ಅವಳು, ಪಾತ್ರೆ ತೊಳೆಯುತ್ತಾ ಗುನುಗಿ, ನೀರು ನಿಲ್ಲಿಸಿ, ಒದ್ದೆ ಕೈಯಲ್ಲೇ ತಂತಿ ಮೀಟಿ ನೋಡಿ, ಅಮ್ಮಾ ಅದೇ ಸಾಲು ಎಷ್ಟು ಸಲ, ನಂಗೆ ಕನಸಲ್ಲೂ ಕೇಳ್ಸುತ್ತೆ ಎಂದು ಮಗಳು ಗೊಣಗಿದರೆ ಹಾಗಾದ್ರೆ ಸಾಲು ಚೆನ್ನಾಗಿದೆ ಅಂತಾಯ್ತು ಎನ್ನುತ್ತಾ, ಮೂರು ಬೆರಳಿಗೆ ನಿಲುಕುವ ಹಾಡೊಂದನ್ನು ಕಟ್ಟಿದಳು, ತಂತಿ ಒತ್ತಲು ನಾಲ್ಕು ಬೆರಳಿದ್ದಾಗ ದಾರಿಗಳು ಎಷ್ಟಿದ್ದವೆಂದರೆ ಯಾವುದನ್ನೂ ಆರಿಸಿಕೊಳ್ಳುವ ಪ್ರಮೇಯವೇ ಬಂದಿರಲಿಲ್ಲ, ಆಶುವಾಗಿ ನುಡಿಸುವುದೆಂದರೆ ಬಾಯಿಗೆ ಬಂದಂತೆ ಮಾತಾಡುವುದಲ್ಲ, ಏನನ್ನು ಬಿಡಬೇಕೆಂದು ಗೊತ್ತಿರುವುದು, ಬಿಟ್ಟದ್ದೂ ಕೇಳಿಸುವಂತೆ ಬಿಡುವುದು —

ಆಗಲೇ ಕೈ ಮೋಸ ಮಾಡಿತು, ಹಳೆಯ ಚಟ, ಏರುತ್ತಾ ಏರುತ್ತಾ ಅಣ್ಣ ಕಲಿಸಿದ ಹಳೆಯ ಸ್ವರಗುಚ್ಛಕ್ಕೆ ಜಾರಿ ಮಡಚಿದ ಬೆರಳಿನಿಂದ ಸ್ವರ ಒತ್ತಲು ಹೋಯಿತು, ತಂತಿಯ ಮೇಲೆ ಏನೂ ಇಳಿಯಲಿಲ್ಲ, ಕಮಾನು ನಿಂತಿತು. ಪಕ್ಕದಲ್ಲಿ ಡ್ರಮ್ ನುಡಿಸುವವನು, ಜನ್ಮದಲ್ಲಿ ಲಯ ತಪ್ಪದ್ದಕ್ಕೆ ಎಲ್ಲರೂ ಗಡಿಯಾರ ಎಂದೇ ಕರೆಯುವವನು, ಆ ಖಾಲಿಯನ್ನು ತುಂಬಿ ಅವಳ ಮಾನ ಕಾಯಬಹುದಿತ್ತು, ತುಂಬಲಿಲ್ಲ, ಕೋಲುಗಳನ್ನು ಎತ್ತಿ ಹಿಡಿದು ತಾನೂ ನಿಂತ, ಮೆಲ್ಲಗೆ, ನಿಧಾನ, ನಾನಿದೀನಿ ಅಂದ, ಅವಳು ನಡುಬೆರಳನ್ನು ಕೆಳಗಿನ ಸ್ವರದಿಂದ ಮೇಲಕ್ಕೆ ಜಾರಿಸಿದಳು, ಸ್ವರ ತಡವಾಗಿ ಬಂತು, ಎಲ್ಲರೂ ಊಟಕ್ಕೆ ಕೂತ ಮೇಲೆ ಬಂದ ನೆಂಟನ ಹಾಗೆ, ಬಂದದ್ದಕ್ಕೇ ಎಲ್ಲರಿಗೂ ಹಿಗ್ಗು, ಮತ್ತೊಮ್ಮೆ ಬೇಕೆಂದೇ ಅಲ್ಲಿಗೆ ಹೋದಳು, ಬೇಕೆಂದೇ ಖಾಲಿ ಬಿಟ್ಟಳು, ಆ ಖಾಲಿಗೆ ಗಡಿಯಾರ ಒಂದೇ ಒಂದು ಪೆಟ್ಟು ಕೊಟ್ಟ, ಓಹೋ ಇದು ಹೀಗೆ ಹೋಗುವ ದಾರಿಯೋ ಎಂದುಕೊಂಡಳು, ಮೂರನೆಯ ಸಲಕ್ಕೆ ಜನರೇ ಆ ಸ್ವರಕ್ಕಾಗಿ ಕತ್ತು ಚಾಚಿ ಕಾದರು, ಇದನ್ನು ಅವಳು ಯಾರಿಂದಲೂ ಕಡ ತಂದದ್ದಲ್ಲ, ಅಣ್ಣ ಕಲಿಸಿದ್ದಲ್ಲ, ಅಣ್ಣನಿಗೂ ಬಾರದ್ದು ಇದು, ಹಮ್ಮು ಅನ್ನುವವರು ಅನ್ನಲಿ, ಇವತ್ತು ಅವಳಿಗೆ ಸಲ್ಲುತ್ತದೆ — ಕಣ್ಣು ತೆರೆದು ಅಣ್ಣನನ್ನೇ ನೋಡಿದಳು, ಚಪ್ಪಾಳೆ ತಟ್ಟುತ್ತಿರಲಿಲ್ಲ, ಅವಳತ್ತ ನೋಡುತ್ತಲೂ ಇರಲಿಲ್ಲ, ತಲೆ ತಗ್ಗಿಸಿ ತನ್ನ ಮಂಡಿಯ ಮೇಲೆ ಅವಳ ಹಾಡನ್ನೇ ಒತ್ತಿ ಕಲಿಯುತ್ತಿದ್ದ, ತೋರುಬೆರಳು, ನಡುಬೆರಳು, ಕಿರುಬೆರಳು, ಉಂಗುರದ ಬೆರಳನ್ನು ಒಳಕ್ಕೆ ಮಡಚಿಕೊಂಡು, ಚೆನ್ನಾಗಿರುವ ಬೆರಳನ್ನು, ಅಣ್ಣ, ಮಡಚಿಕೊಂಡು, ಮಂಡಿಯ ಮೇಲೆ ಮೂರು ಬೆರಳು, ಮೂರೇ