ಬಿಳಿ ಎಳೆಯ ಮಾಂಸ

ಹೊರಗೆ ಸಾವಿನೂಟಕ್ಕೆ ಕುದುರೆ ಕೆಡವಿದ ಸದ್ದಾಯಿತು. ಉಣ್ಣೆಯ ಗುಡಾರದ ಗೋಡೆಗೆ ಮುಖಮಾಡಿ ಹಾಡಿಕೊಂಡು ಅಳುತ್ತಿದ್ದ ಬುರುಲ್ಚಾ ಅರ್ಧಕ್ಕೇ ನಿಲ್ಲಿಸಿದಳು. ಸಾವಿನ ಮನೆಯ ಕುದುರೆಯನ್ನು ಕೀಲು ಕೀಲು ಬಿಡಿಸಿ, ಯಾರ ತಟ್ಟೆಗೆ ಯಾವ ಮೂಳೆಯೆಂದು ಹಂಚಬಲ್ಲವನು ನಲವತ್ತು ವರ್ಷದಿಂದ ಊರಿಗೆ ಒಬ್ಬನೇ, ಅವಳಪ್ಪ ಕೆರಿಮ್‌ಕುಲ. ಅವನೀಗ ಪರದೆಯಾಚೆ ಹೆಣವಾಗಿ ಮಲಗಿದ್ದ.

"ಚೂರಿ ಹಿಡಿದಿರೋದ್ಯಾರು ಅತ್ತೆ?"

"ಲಾರಿ ಓಡಿಸ್ತಾನಲ್ಲ, ಮೆದೆರ್. ನೀನು ಅಳೋದು ನಿಲ್ಲಿಸ್ಬೇಡ, ಹೊರಗೆ ಜನ ಕಿವಿಗೊಟ್ಟಿದಾರೆ," ಎಂದಳು ಸೋದರತ್ತೆ ಸೈರಾಶ್. ಆದರೂ ಅವಳಿಗೇ ತಡೆಯಲಾಗಲಿಲ್ಲ. "ನಿಮ್ಮಪ್ಪನ ಕಾಲು ಬೆತ್ತದ ಹಾಗಾಗಿತ್ತಂತೆ, ಮೈ ತೊಳೆದೋರು ಹೇಳಿದ್ರು. ನಿನ್ನ ಯಂತ್ರದಲ್ಲಿ ಕಾಣಿಸ್ಲಿಲ್ವೇನೇ?"

ಕಾಣಿಸಿತ್ತು. ಅವಳ ಸಂಕಟವೇ ಅದು.

*

ಮೂರು ವರ್ಷದ ಹಿಂದೆ ಅಪ್ಪ ಕುದುರೆ ಹತ್ತುವಾಗ ಎರಡು ಸಲ ಜಾರಿಬಿದ್ದ. ನಾರಿನ್ ಪಟ್ಟಣದಲ್ಲಿ ಸ್ಕ್ಯಾನ್ ಡಾಕ್ಟರಾಗಿದ್ದ ಬುರುಲ್ಚಾ ಅವನ ತೊಡೆಗೆ ಜೆಲ್ ಬಳಿದು ನೋಡಿದಳು. ಕಪ್ಪಗಿರಬೇಕಾದ ಸ್ನಾಯುವಿನ ತುಂಬ ಬಿಳಿ ಎಳೆಗಳು. ಮುಪ್ಪಿಗೆ ಸ್ನಾಯು ಕರಗಿ ಅಲ್ಲಿ ಕೊಬ್ಬು ಸೇರುತ್ತಿತ್ತು.

ಅಪ್ಪ ಯಂತ್ರದ ಪರದೆಗೆ ಮೂಗು ತಾಗಿಸಿ, ಇದು ಚರ್ಮವಾ, ಇದು ಮೂಳೆಯಾ ಎಂದು ಎಲ್ಲವನ್ನೂ ಕೇಳಿದ.

"ಆ ಬಿಳಿ ಎಳೆ ನೋಡು ಮಗಳೇ. ಮೇದು ಕೊಬ್ಬಿದ ಹೆಣ್ಣುಕುದುರೆಗೂ ಇಂಥ ಮಾಂಸ ಇರಲ್ಲ. ಇನ್ನೂ ಹತ್ತು ವರ್ಷ ನಾನು ಗಟ್ಟಿ."

ಕಸಾಯಿಯ ಕಣ್ಣಿಗೆ ಕೊಬ್ಬೆಂದರೆ ಭಾಗ್ಯ. ತಿದ್ದಲು ಅವಳಿಗೆ ಬಾಯಿ ಬರಲಿಲ್ಲ, ಹೌದಪ್ಪ ಎಂದುಬಿಟ್ಟಳು. ಆಮೇಲೆ ಆರಾರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿದಳು. ಪ್ರತಿ ಸಲವೂ ಅವನು ತನ್ನ ಮಾಂಸವನ್ನು ತಾನೇ ಹೊಗಳಿ, ಚಿತ್ರವನ್ನು ಜೇಬಿಗಿಳಿಸಿಕೊಂಡು ಹೋದ. ಅಪ್ಪನನ್ನು ಸುಳ್ಳಿನಲ್ಲೇ ಸಾಯಲು ಬಿಟ್ಟೆನಲ್ಲ ಎಂದು ಅವಳೀಗ ತನ್ನನ್ನೇ ಹಳಿದುಕೊಳ್ಳುತ್ತಿದ್ದಳು.

*

ಮಣ್ಣು ಮಾಡಿ ಗಂಡಸರು ಮರಳಿದರು. ಕುದುರೆಯ ಸೊಂಟದ ಮೂಳೆ ಪದ್ಧತಿಯಂತೆ ಎಲ್ಲರಿಗಿಂತ ಹಿರಿಯನ ತಟ್ಟೆಗೇ ಹೋಯಿತು. ಒಂದು ಮೂಳೆಯೂ ಒಡೆದಿರಲಿಲ್ಲ, ಯಾರೂ ಮುಖ ಊದಿಸಲಿಲ್ಲ. ಬುರುಲ್ಚಾ ಕಡಾಯಿಯ ಬಳಿ ಹೋಗಿ, ಇದನ್ನೆಲ್ಲ ಯಾವಾಗ ಕಲಿತೆ ಎಂದು ಮೆದೆರ್‌ನನ್ನು ಕೇಳಿದಳು.

"ನಿಮ್ಮಪ್ಪಾನೇ ಕಲಿಸಿದ್ದು ಅಕ್ಕ. ಮೊದಲ್ನೇ ಸಲ ನೀವು ಕಾಲು ನೋಡಿದ್ರಲ್ಲ, ಆವತ್ತು ಸೀದಾ ನಮ್ಮನೆಗೆ ಬಂದ್ರು. ಬೇಗ ಕಲಿ, ನನ್ನ ಕಾಲ ಮುಗೀತಾ ಬಂತು ಅಂದ್ರು."

"ಮುಗೀತು ಅಂತ ಅವರಿಗೆ ಯಾರು ಹೇಳಿದ್ರು?"

"ಓಡಾಡದ ಪ್ರಾಣಿಗೇ ಮಾಂಸದೊಳಗೆ ಹಂಗೆ ಬಿಳಿ ಎಳೆ ಬರೋದಂತೆ. ಮಗಳು ಹೆದರಿದಾಳೆ, ಅವಳಿಗೆ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡ್ರು."

ಅವನು ಅಪ್ಪ ಕೊಟ್ಟಿದ್ದ ಚೂರಿ ಒರೆಸಿ, ಅದನ್ನು ಸುತ್ತಿಡುವ ಬಟ್ಟೆ ಬಿಡಿಸಿದ. ಒಳಗೆ ಆ ಆರೂ ಸ್ಕ್ಯಾನ್ ಚಿತ್ರಗಳಿದ್ದವು. ಎಲ್ಲದರಲ್ಲೂ ಸ್ನಾಯುವಿನ ಮೇಲಂಚಿಗೂ ಕೆಳಅಂಚಿಗೂ ಅಪ್ಪ ಪೆನ್ನಿನಿಂದ ಗೆರೆ ಎಳೆದಿದ್ದ. ಸ್ನಾಯುವಿನ ದಪ್ಪವನ್ನು ಅವಳು ಅಳೆಯುತ್ತಿದ್ದುದೂ ಅಲ್ಲೇ.

ಬುರುಲ್ಚಾ ಬೆರಳಿಟ್ಟು ನೋಡಿದಳು. ಮೊದಲನೆಯದರಲ್ಲಿ ಗೆರೆಗಳ ನಡುವೆ ಮೂರು ಬೆರಳು ಹಿಡಿಯಿತು. ಕೊನೆಯದರಲ್ಲಿ ಒಂದೇ, ಅದೂ ಕಿರುಬೆರಳು.